ಓದಲು ಬಂದ ಊರು

ಮೂರು ವರ್ಷ ಧಾರವಾಡದಲ್ಲಿದ್ದು, ಪದವಿ ಪಡೆದು, ಗಂಟುಮೂಟೆಗಳೊಡನೆ ತನ್ನೂರಿಗೆ ಹೊರಟು ಬಸ್‌ ನಿಲ್ದಾಣದಲ್ಲಿ ಕುಳಿತಿದ್ದ ತರುಣನೊಬ್ಬನನ್ನು, ಕಳೆದ ಬೇಸಗೆಯಲ್ಲಿ, ಹೊತ್ತು ಹೋಗಲೆಂದು ಮಾತಿಗೆಳೆದು, “ಸಾಧನಕೇರಿಯ ಕಡೆಗೆ ಎಂದಾದರೂ ಹೋಗಿದ್ದೆಯೇನಪ್ಪಾ?” ಎಂದು ಕೇಳಿದೆ. ಹುಡುಗ ವಿನಯವಂತ. ಕೂಡಲೇ ಜೇಬಿನಿಂದ ಮೊಬೈಲನ್ನು ತೆಗೆದು, ನಕ್ಷೆಯಲ್ಲಿ ಹುಡುಕಿ, “ಇಲ್ಲಿಂದ ದೂರ ಇಲ್ಲ ಸರ್‌, ಆಟೋ ಸಿಗುತ್ತೆ” ಎಂದು ಐವತ್ತು ವರ್ಷದಿಂದ ಈ ಊರಿನಲ್ಲಿರುವ ನನಗೇ ದಾರಿ ಹೇಳಿಕೊಟ್ಟನು. ವರಕವಿ ಬೇಂದ್ರೆಯವರು ಬಾಳಿದ ಆ ಕೆರೆಯ ದಂಡೆಗೆ ಅವನ ಕಾಲೇಜಿನಿಂದ ನಡೆದೇ ಹೋಗಬಹುದಾಗಿತ್ತೆಂಬುದನ್ನು ನಾನು ಅವನಿಗೆ ಹೇಳಲಿಲ್ಲ, ಬಸ್ಸು ಬಂದಿತ್ತು.

ಇದು ಆ ಹುಡುಗನ ದೋಷವೆಂದು ನಾನು ಎಣಿಸುವುದಿಲ್ಲ. ಅವನು ಬಂದ ವರ್ಷ ಶುಲ್ಕ ಕಟ್ಟುವ ಖಿಡಕಿಯನ್ನು ತೋರಿಸಿದವರು ಇದ್ದರು, ಸಪ್ತಾಪುರದಲ್ಲಿ ಪೀಜಿ ಹುಡುಕಿಕೊಟ್ಟವರು ಇದ್ದರು, ಪರೀಕ್ಷೆಗೆ ಯಾವ ಗೈಡು ಕೊಳ್ಳಬೇಕೆಂದು ತಿಳಿಸಿದವರಂತೂ ಹತ್ತು ಮಂದಿ ಇದ್ದರು. ಊರನ್ನು ತೋರಿಸಿದವರು ಮಾತ್ರ ಒಬ್ಬರೂ ಇರಲಿಲ್ಲ. 1917ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜಿನ ಕಾಲದಲ್ಲಿ ವಿದ್ಯಾರ್ಥಿಯು ಓಣಿಯ ಮನೆಗಳಲ್ಲಿ ಖೋಲಿ ಹಿಡಿದು, ಖಾನಾವಳಿಯಲ್ಲಿ ಉಂಡು, ಊರಿನೊಳಗೆ ನಡೆದಾಡಿಯೇ ಓದಬೇಕಾಗಿದ್ದುದರಿಂದ ಊರಿನ ಪರಿಚಯವು ಪ್ರಯತ್ನವಿಲ್ಲದೆ ಆಗುತ್ತಿತ್ತು. ಈಗಿನ ವಿದ್ಯಾಸಂಸ್ಥೆಗಳು, ಅದರಲ್ಲಿಯೂ 2016ರಲ್ಲಿ ಆರಂಭವಾದ ಐಐಟಿಯಂಥವು, ಊರ ಹೊರಗೆ ತಮ್ಮದೇ ಅಂಗಡಿ, ತಮ್ಮದೇ ಊಟ, ತಮ್ಮದೇ ಆಟದ ಬಯಲುಗಳನ್ನಿಟ್ಟುಕೊಂಡು ಸ್ವತಃ ಒಂದು ಊರೇ ಆಗಿ ನಿಂತಿರುವುದರಿಂದ, ಶುಕ್ರವಾರ ಸಂಜೆ ಬೆಂಗಳೂರಿನ ಬಸ್ಸು ಹತ್ತುವುದಕ್ಕೆ ಹೊರತಾಗಿ ಗೇಟು ದಾಟುವ ಕಾರಣವೇ ಇಲ್ಲದೆ ನಾಲ್ಕು ವರ್ಷ ಕಳೆಯುವುದು ಸಾಧ್ಯವಾಗಿದೆ. ಆದುದರಿಂದ ಹಿಂದೆ ತಾನಾಗಿ ಒದಗುತ್ತಿದ್ದುದನ್ನು ಇಂದು ಹೇಳಿಕೊಡಬೇಕಾಗಿದೆ. ಈ ವರ್ಷ ಮೊದಲ ತರಗತಿಗೆ ಬಂದಿರುವ ಹುಡುಗ ಹುಡುಗಿಯರಿಗೂ, ಅವರನ್ನು ಕಳಿಸಿ ಮನೆಯಲ್ಲಿ ಚಿಂತಿಸುತ್ತಿರುವ ತಂದೆತಾಯಿಗಳಿಗೂ ಉಪಯೋಗವಾಗಲೆಂದು ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಧಾರವಾಡದ ಮಾತು ಎಂದರೂ ಮೈಸೂರಿಗೆ, ಕಲಬುರಗಿಗೆ, ಉಡುಪಿಗೆ ಹೋದವರು ತಮ್ಮ ತಮ್ಮ ಊರಿಗೆ ಇದನ್ನು ಹೊಂದಿಸಿಕೊಳ್ಳಬಹುದು.

ಮೊದಲು ನನ್ನ ಒಂದು ಅವಮಾನದ ಪ್ರಸಂಗವನ್ನು ಹೇಳಬೇಕು. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಿಂದ ಕಬ್ಬಿಣದ ಟ್ರಂಕು ಹೊತ್ತು ಈ ಊರಿಗೆ ಬಂದ ನಾನು, ಮೊದಲನೆಯ ತಿಂಗಳಿನಲ್ಲಿಯೇ, ಹದಿನೈದಿಪ್ಪತ್ತು ಹುಡುಗರ ಗುಂಪಿನೊಡನೆ, ಬಟ್ಟೆಯ ಫಲಕವನ್ನು ಹಿಡಿದು ಸಮೀಪದ ಹಳ್ಳಿಯೊಂದಕ್ಕೆ ‘ಗ್ರಾಮಸೇವೆ’ಗೆ ಹೋದೆನು. ಬಾವಿಕಟ್ಟೆಯ ಬಳಿ ನೀರು ಸೇದುತ್ತಿದ್ದ ಹೆಂಗಸರ ಮುಂದೆ ನಿಂತು, ನೈರ್ಮಲ್ಯದ ಮಹತ್ತ್ವವನ್ನು ಕುರಿತು, ಪುಸ್ತಕದಿಂದ ಬಾಯಿಪಾಠ ಮಾಡಿದ್ದ ಭಾಷಣವನ್ನು ಒಪ್ಪಿಸಿದೆ. ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದ ಮುದುಕಿಯೊಬ್ಬಳು ಕೊಡವನ್ನು ಸೊಂಟದಿಂದ ಇಳಿಸಿ, ಭಾಷಣ ಮುಗಿಯುವವರೆಗೂ ಕೇಳಿ, “ಕಸಾ ಹೊಡಿಯೂದು ನಮಗ ಗೊತ್ತೈತಿ ತಮ್ಮಾ. ಆ ಗಟಾರದಾಗ ಕಲ್ಲು ಬಿದ್ದು ನೀರು ನಿಂತೈತಿ, ಎತ್ತಾಕ ನಾಕು ಮಂದಿ ಬೇಕು. ನಾಳೆ ಬರ್ತೀ ಏನು?” ಎಂದಳು. “ಬರುತ್ತೇನಜ್ಜಿ” ಎಂದೆ. ಮರುದಿನ ಮಳೆ ಹಿಡಿಯಿತು. ಅದರ ಮರುದಿನ ಒಂದು ಕಿರುಪರೀಕ್ಷೆಯಿತ್ತು. ಆಮೇಲೆ ಮರೆತೇ ಹೋಯಿತು. ನಮ್ಮ ಗುಂಪಿನ ವರದಿಯಲ್ಲಿ ಮಾತ್ರ ಆ ಹಳ್ಳಿಯಲ್ಲಿ ಸ್ವಚ್ಛತೆಯ ಅರಿವು ಮೂಡಿತೆಂದು ಬರೆಯಲಾಯಿತು.

ಊರಿನೊಡನೆ ಬೆರೆಯುವುದೆಂದರೇನೆಂಬುದು ಆ ಮುದುಕಿಯ ಪ್ರಶ್ನೆಯಲ್ಲಿಯೇ ಇತ್ತೆಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಒಮ್ಮೆ ಬಂದು ಹೋಗುವವನಿಗೆ ಊರು ಮರ್ಯಾದೆ ಮಾಡುತ್ತದೆ, ಚಹಾ ಕೊಡುತ್ತದೆ, ಬೇಕಾದರೆ ಒಂದು ಹಾರವನ್ನೂ ಹಾಕುತ್ತದೆ. ಆದರೆ ಕೆಲಸ ಹೇಳುವುದು ಮರಳಿ ಬರುವವನಿಗೆ ಮಾತ್ರ, ಮತ್ತು ಕೆಲಸ ಹೇಳಿಸಿಕೊಂಡವನೇ ಊರಿನವನು. ಆದಕಾರಣ ಹೊಸ ವಿದ್ಯಾರ್ಥಿಗೆ ನನ್ನ ಸಲಹೆ ಸರಳವಾಗಿದೆ: ಹತ್ತು ಕಡೆ ಸುತ್ತಬೇಡ. ಒಂದು ಸ್ಥಳವನ್ನು ಆರಿಸಿಕೋ, ವಾರದ ಒಂದು ದಿನವನ್ನು ಗೊತ್ತುಮಾಡಿಕೋ, ಅಲ್ಲಿ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಹಿಡಿ. ದೀಪಾವಳಿಯವರೆಗೆ ತಪ್ಪದೆ ಹೋಗು. ಆಮೇಲಿನದನ್ನು ಊರೇ ನೋಡಿಕೊಳ್ಳುತ್ತದೆ.

ಯಾವ ಸ್ಥಳವೆಂದರೆ, ಧಾರವಾಡದ ಮಟ್ಟಿಗೆ ನಾನು ಮೊದಲು ಹೆಸರಿಸುವುದು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು. ಕನ್ನಡ ನಾಡು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಈ ಭಾಗದ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ, ರಾ. ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಸಂಸ್ಥೆಯಿದು. ಇಲ್ಲಿಯ ಸಭಾಭವನದಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆ, ದತ್ತಿ ಕಾರ್ಯಕ್ರಮ ಎಂದು ಏನಾದರೊಂದು ನಡೆಯುತ್ತಿರುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಅಚ್ಚಾಗಿರುವುದನ್ನು ಹೊಸಬರು ಬರಿಯ ಉಪಚಾರದ ಮಾತೆಂದು ತಿಳಿಯುತ್ತಾರೆ. ಅದು ನಿಜವಾದ ಮಾತು, ಏಕೆಂದರೆ ಸಂಘಟಕರ ನಿತ್ಯದ ಚಿಂತೆಯು ಖಾಲಿ ಕುರ್ಚಿಗಳೇ. ಯಾವ ಸಂಜೆ ಎಲ್ಲಿ ಏನಿದೆಯೆಂಬುದನ್ನು ತಿಳಿಯಲು ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿರುವ ‘ಇಂದಿನ ಕಾರ್ಯಕ್ರಮ’ವನ್ನು ಬೆಳಿಗ್ಗೆ ಚಹಾದಂಗಡಿಯಲ್ಲಿ ನೋಡಿದರೆ ಸಾಕು. ಐದೂವರೆಗೆಂದು ಅಚ್ಚಾಗಿದ್ದರೆ ಆರೂಕಾಲಕ್ಕೆ ಆರಂಭವೆಂದು ತಿಳಿಯತಕ್ಕದ್ದು. ಆದರೆ ನೀನು ಐದೂಕಾಲಕ್ಕೇ ಹೋಗು. ಆ ಒಂದು ಗಂಟೆಯಲ್ಲಿ ಅಲ್ಲಿ ನಾಲ್ಕೈದು ಜನ ಮಾತ್ರ ಇರುತ್ತಾರೆ: ಒಬ್ಬರು ಜಮಖಾನೆ ಹಾಸುತ್ತಿರುತ್ತಾರೆ, ಒಬ್ಬರು ಮೈಕಿನವನೊಡನೆ ವಾದಿಸುತ್ತಿರುತ್ತಾರೆ, ಒಬ್ಬರು ಅತಿಥಿ ಇನ್ನೂ ಹುಬ್ಬಳ್ಳಿ ಬಿಟ್ಟಿಲ್ಲವೆಂದು ಕಂಗಾಲಾಗಿರುತ್ತಾರೆ. ಜಮಖಾನೆಯ ಇನ್ನೊಂದು ತುದಿಯನ್ನು ಹಿಡಿದುಕೋ. ಯಾರೂ ನಿನ್ನ ಹೆಸರನ್ನು ಕೇಳುವುದಿಲ್ಲ. “ಇತ್ಲಾಗ ಸ್ವಲ್ಪ ಜಗ್ಗೋ ತಮ್ಮಾ” ಎನ್ನುತ್ತಾರೆ. ಮೂರನೆಯ ವಾರ ಹೆಸರು ಕೇಳುತ್ತಾರೆ. ಐದನೆಯ ವಾರ ನೀನು ಬಾರದಿದ್ದರೆ, “ಆ ಮಲೆನಾಡ ಹುಡುಗ ಯಾಕ ಬಂದಿಲ್ಲ?” ಎಂದು ಒಬ್ಬರಾದರೂ ವಿಚಾರಿಸುತ್ತಾರೆ. ಮನೆ ಬಿಟ್ಟು ಬಂದ ಹದಿನೆಂಟು ವರ್ಷದವನಿಗೆ ತನ್ನ ಗೈರುಹಾಜರಿಯನ್ನು ಗಮನಿಸುವ ಒಬ್ಬ ಅಪರಿಚಿತನು ಎಷ್ಟು ದೊಡ್ಡ ಆಸರೆಯೆಂಬುದನ್ನು, ಸಂಜೆಯ ಹೊತ್ತು ಹಾಸ್ಟೆಲಿನ ಮಂಚದ ಮೇಲೆ ಒಬ್ಬನೇ ಕುಳಿತವನು ಮಾತ್ರ ಬಲ್ಲ.

ಸಂಗೀತದ ವಿಷಯಕ್ಕೆ ಬಂದರೆ ನನ್ನ ಲೇಖನಿ ಸ್ವಲ್ಪ ಉದ್ದವಾಗುವುದನ್ನು ವಾಚಕರು ಸಹಿಸಿಕೊಳ್ಳಬೇಕು. ತುಂಗಭದ್ರೆಯ ದಕ್ಷಿಣಕ್ಕೆ ಕರ್ನಾಟಕ ಸಂಗೀತವೂ ಉತ್ತರಕ್ಕೆ ಹಿಂದುಸ್ಥಾನಿ ಸಂಗೀತವೂ ಬೇರೂರಿದ್ದಕ್ಕೆ ಚರಿತ್ರೆಯ ಕಾರಣಗಳು ಹಲವು. ಮುಂಬಯಿ ಪುಣೆಗಳಿಂದ ಮೈಸೂರಿನ ಆಸ್ಥಾನಕ್ಕೆ ದಸರೆಗೆಂದು ಹೊರಟ ಉಸ್ತಾದರಿಗೆ ಧಾರವಾಡ ಹುಬ್ಬಳ್ಳಿಗಳು ದಾರಿಯ ತಂಗುದಾಣಗಳಾಗಿದ್ದುದು ಅವುಗಳಲ್ಲೊಂದು. ಕಿರಾಣಾ ಘರಾಣೆಯ ಅಬ್ದುಲ್‌ ಕರೀಂ ಖಾನರು ಹೀಗೆ ಬಂದವರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆಂದು ಹೆಸರಾದರು. ಅವರ ಬಳಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಇತ್ತ ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಜಯಪುರ ಘರಾಣೆಯ ಗಾಯನವನ್ನು ಸಾಧಿಸಿ, ಕೀರ್ತಿಯು ದೇಶವನ್ನೆಲ್ಲ ವ್ಯಾಪಿಸಿದ ಮೇಲೆಯೂ ಈ ಊರನ್ನು ಬಿಡದೆ, ಇಲ್ಲಿಯೇ 1992ರಲ್ಲಿ ಕಣ್ಮುಚ್ಚಿದರು. ಅವರು ವಾಸಿಸಿದ ಮನೆ ಈಗ ಸ್ಮಾರಕವಾಗಿದೆ. ಸೆಪ್ಟೆಂಬರ್‌ 12 ಅವರ ಪುಣ್ಯತಿಥಿಯಾದುದರಿಂದ ಆ ದಿನಗಳ ಆಸುಪಾಸಿನಲ್ಲಿ ಪತ್ರಿಕೆಯ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ನಾನು ಮೊದಲು ಹೋದ ಬೈಠಕ್ಕಿನಲ್ಲಿ ಏನಾಯಿತೆಂದರೆ, ಗವಾಯಿಗಳು ಬಂದು ಕುಳಿತು, ತಂಬೂರಿಯ ತಂತಿಗಳನ್ನು ಕಿವಿಗೆ ಹತ್ತಿರ ಹಿಡಿದು, ಕುದುರೆಯ ಮೇಲಿನ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜವಾರಿಯನ್ನು ಹದಮಾಡುವುದರಲ್ಲಿಯೇ ಅರ್ಧ ತಾಸು ಕಳೆಯಿತು. ಆಮೇಲೆ ವಿಲಂಬಿತ ಖ್ಯಾಲು ಆರಂಭವಾಗಿ, ಒಂದೇ ಸ್ವರದ ಸುತ್ತ ಅವರು ಮರಳಿ ಮರಳಿ ಸುಳಿದಾಡುತ್ತಿದ್ದಂತೆ, ಯಕ್ಷಗಾನದ ಚಂಡೆಯನ್ನು ಕೇಳಿ ಬೆಳೆದ ನನಗೆ ಬೇಸರ ತಡೆಯದೆ, ಚಪ್ಪಲಿ ಹುಡುಕಲು ಎದ್ದೆ. ಪಕ್ಕದಲ್ಲಿ ಕೊಡೆಯನ್ನು ಮಡಿಲಲ್ಲಿಟ್ಟು ಕುಳಿತಿದ್ದ ಕರಿಟೊಪ್ಪಿಗೆಯ ವೃದ್ಧರು, ಕಣ್ಣು ತೆರೆಯದೆಯೇ, ನನ್ನ ಅಂಗಿಯ ಚುಂಗನ್ನು ಹಿಡಿದು ಜಗ್ಗಿ, “ಕೂಡಪಾ, ಈಗ ಸುರು ಆಗೇದ” ಎಂದರು. ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ತೊಡೆಯ ಮೇಲೆ ಬೆರಳಿನಿಂದ ಮೆಲ್ಲನೆ ತಾಳ ಹಾಕತೊಡಗಿದರು. ಪ್ರತಿ ಆವರ್ತನದ ಸಮ್‌ ಬಂದಾಗ ಅಂಗೈಯಿಂದ ಒಮ್ಮೆ ತಟ್ಟುವರು. ಐದಾರು ಆವರ್ತನಗಳಾದ ಮೇಲೆ, ಗವಾಯಿಗಳು ಎಲ್ಲೆಲ್ಲಿಯೋ ಅಲೆದು, ಇನ್ನೇನು ಕೈತಪ್ಪಿತೆನ್ನುವಾಗ, ನೆಟ್ಟಗೆ ಬಂದು ಆ ಪೆಟ್ಟಿನ ಮೇಲೆಯೇ ನಿಂತುದನ್ನು ನಾನು ಮೈಯಿಂದ ತಿಳಿದೆ. ಆ ವೃದ್ಧರ ಹೆಸರನ್ನು ನಾನು ಕೇಳಲಿಲ್ಲ; ಆದರೆ ಸಂಗೀತಶಾಸ್ತ್ರದ ನನ್ನ ಏಕೈಕ ಗುರು ಅವರೇ.

ಬೈಠಕ್ಕಿಗೆ ಹೋಗುವವನು ಕೆಲವು ರೀತಿಗಳನ್ನು ತಿಳಿದಿರಬೇಕು. ಹಾಡುವವರ ಕಡೆಗೆ ಕಾಲು ಚಾಚಬಾರದು. ರಾಗದ ನಡುವೆ ಎದ್ದು ಹೋಗಬಾರದು. ಹಾಸ್ಟೆಲಿನ ಬಾಗಿಲು ಮುಚ್ಚುವ ಅಂಜಿಕೆಯಿದ್ದರೆ ಮೊದಲೇ ಬಾಗಿಲ ಬಳಿ ಕುಳಿತು, ರಾಗ ಮುಗಿದು ತಬಲಾಕ್ಕೆ ಸುತ್ತಿಗೆ ಬಡಿಯುವ ಹೊತ್ತಿಗೆ ಜಾರಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನಂತೂ ಈ ಊರಿನ ಹಿರಿಯ ಶ್ರೋತೃಗಳು ಕ್ಷಮಿಸುವುದಿಲ್ಲ. ತಿಳಿಯದೆ ‘ವ್ಹಾ’ ಎನ್ನುವುದಕ್ಕಿಂತ ತಿಳಿಯದೆ ಸುಮ್ಮನಿರುವುದು ಮೇಲು. ಪಕ್ಕದವರು ತಲೆದೂಗಿದಾಗ ಅದೇಕೆಂದು ಆಮೇಲೆ ಕೇಳಿದರೆ, ಸಂತೋಷದಿಂದ ಅರ್ಧ ತಾಸು ವಿವರಿಸುವವರು ಇಲ್ಲಿ ಹೆಜ್ಜೆಹೆಜ್ಜೆಗೆ ಇದ್ದಾರೆ. ವರ್ಷಕ್ಕೊಮ್ಮೆ ಸವಾಯಿ ಗಂಧರ್ವರ ನೆನಪಿಗೆಂದು ಕುಂದಗೋಳದ ನಾಡಗೇರ ವಾಡೆಯಲ್ಲಿ ಅಹೋರಾತ್ರಿ ನಡೆಯುವ ಸಂಗೀತಕ್ಕೆ, ಸಾಧ್ಯವಾದರೆ, ಮೊದಲ ವರ್ಷವೇ ಹೋಗು. ಹುಬ್ಬಳ್ಳಿಯವರೆಗೆ ಚಿಗರಿ ಬಸ್ಸು, ಅಲ್ಲಿಂದ ರೈಲು ಅಥವಾ ಬಸ್ಸು. ಒಂದು ಹೊದಿಕೆ ಜೊತೆಗಿರಲಿ.

ಪುಸ್ತಕದ ಗೀಳಿರುವವನು ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತತಕ್ಕದ್ದು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನದ ಮಹತ್ತ್ವವನ್ನು ಸಾಹಿತ್ಯಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಹೊಸ ವಿದ್ಯಾರ್ಥಿಗೆ ಪ್ರಸ್ತುತವಾದ ಸಂಗತಿ ಬೇರೆ. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಇಪ್ಪತ್ತರ ಪ್ರಾಯದಲ್ಲಿ ಬರೆದ ‘ಯಯಾತಿ’ಯನ್ನು 1961ರಲ್ಲಿ ಅಚ್ಚುಮಾಡಿದವರು ಇವರೇ. ಹುಡುಗರ ಬರಹವನ್ನು ಹಿರಿಯರು ಗಂಭೀರವಾಗಿ ಓದುವ ಪದ್ಧತಿ ಈ ಊರಿಗೆ ಹಳೆಯದು. ಬೇಂದ್ರೆಯವರ ‘ಗೆಳೆಯರ ಗುಂಪು’ ಇದ್ದದ್ದೂ ಹಾಗೆಯೇ. ಅಂದಮಾತ್ರಕ್ಕೆ ಮೊದಲ ದಿನವೇ ನಿನ್ನ ಕವನಸಂಕಲನವನ್ನು ಹಿಡಿದುಕೊಂಡು ಹೋಗಬೇಡ. ನಾಲ್ಕು ಸಲ ಹೋಗಿ ಪುಸ್ತಕ ಕೊಂಡ ಮೇಲೆ ಅವರೇ ಕೇಳುತ್ತಾರೆ. ವಿಶ್ವವಿದ್ಯಾಲಯದ ಆವರಣದಲ್ಲಿ, 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಶಾಸನ, ವೀರಗಲ್ಲುಗಳ ಮುಂದೆ ಒಂದು ಮಧ್ಯಾಹ್ನ ನಿಂತುಬರಬಹುದು.

ಭಾಷೆಯ ಬಗೆಗೆ ಒಂದು ಮಾತು. ಬೇರೆ ರಾಜ್ಯದಿಂದ ಬಂದವರಿಗೆ ಹೇಗೋ ಹಾಗೆ ದಕ್ಷಿಣದ ಕನ್ನಡಿಗನಿಗೂ ಧಾರವಾಡದ ಮಾತು ಮೊದಮೊದಲು ಒರಟೆಂದು ಕೇಳುತ್ತದೆ. “ಯಾಕ್ರೀ, ಆರಾಮ ಏನ್ರಿ?” ಎಂದು ಖಾನಾವಳಿಯ ಅಕ್ಕಾರು ಕೇಳಿದಾಗ, ‘ಯಾಕೆ’ ಎನ್ನುತ್ತಿದ್ದಾರೆ, ಏನೋ ತಪ್ಪಾಗಿದೆ, ಎಂದು ನಾನು ಗಾಬರಿಗೊಂಡಿದ್ದೆ, ಅದು ಕುಶಲಪ್ರಶ್ನೆಯೆಂದು ತಿಳಿಯಲು ಎರಡು ದಿನ ಬೇಕಾಯಿತು. ‘ತ್ರಾಸ’, ‘ಲಗೂನ’, ‘ಛಲೋ’, ‘ಹೊಳ್ಳಿ ಬಾ’ ಮುಂತಾದ ಇಪ್ಪತ್ತು ಮಾತುಗಳನ್ನು ಕಲಿತುಕೊಂಡರೆ ಬಾಗಿಲುಗಳು ತೆರೆಯುತ್ತವೆ. ಆದರೆ ಅನುಕರಣ ಬೇರೆ, ಅಣಕ ಬೇರೆ. ಸಿನಿಮಾದ ಹಾಸ್ಯಪಾತ್ರದಂತೆ ಅದನ್ನು ನುಡಿದು ನಗಿಸಲು ಹೋದವನನ್ನು ಊರು ದೂರವಿಡುತ್ತದೆ. ಕಲಿಯುವುದಕ್ಕೆ ಖಾನಾವಳಿಗಿಂತ ಉತ್ತಮ ಪಾಠಶಾಲೆಯಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರುವಾಗ, ಎಣ್ಣೆಗಾಯಿ, ಗುರೆಳ್ಳ ಚಟ್ನಿ, ಹಸಿ ಉಳ್ಳಾಗಡ್ಡಿಗಳ ಮುಂದೆ ಕುಳಿತು, ಎದುರಿಗಿರುವ ರೈತನನ್ನು “ಈ ಸಲ ಮಳಿ ಹ್ಯಾಂಗ್ರಿ?” ಎಂದು ಕೇಳಿದರೆ, ಅರ್ಥಶಾಸ್ತ್ರದ ಒಂದು ಅಧ್ಯಾಯಕ್ಕೆ ಸಮನಾದ ಉತ್ತರ ಸಿಗುತ್ತದೆ. ಹೊರಗಿನವನೆಂಬ ಸಂಕೋಚ ಬೇಡ. ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಪೇಢೆಯನ್ನು ತಂದವರು ಉತ್ತರ ಹಿಂದುಸ್ಥಾನದ ಉನ್ನಾವ್‌ನಿಂದ ಪ್ಲೇಗಿಗೆ ಅಂಜಿ ಬಂದ ಠಾಕೂರ ಮನೆತನದವರು. ಕನ್ನಡದ ವರಕವಿಯ ಮನೆಮಾತು ಮರಾಠಿ.

ಮಾತು, ಗಾನ ಯಾವುದೂ ಹಿಡಿಸದ, ಕೈಕೆಲಸವನ್ನೇ ಇಷ್ಟಪಡುವ ಸ್ವಭಾವದವರೂ ಇರುತ್ತಾರೆ. ಅಂಥವರು ಕಸೂತಿಯನ್ನು ಕಲಿಯಬಹುದು. ಇದು ಹುಡುಗಿಯರಿಗೆ ಮಾತ್ರವೆಂಬುದು ಮೌಢ್ಯ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಇದೆಲ್ಲವೂ ಅಡಗಿದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಬ್ಬಿಸಬೇಕು. ಗವಂತಿಯಲ್ಲಿ ಹೊಲಿದ ಬಟ್ಟೆಯನ್ನು ತಿರುವಿ ಹಿಡಿದರೆ ಬೆನ್ನು ಯಾವುದು ಮುಖ ಯಾವುದು ತಿಳಿಯದು. ನಮ್ಮ ಓಣಿಯ ಅಜ್ಜಿಯೊಬ್ಬರು, ಕಣ್ಣು ಮಂಜಾದ ಮೇಲೆ, ಉಗುರಿನ ತುದಿಯಿಂದ ಎಳೆಗಳನ್ನು ಮುಟ್ಟಿ ಎಣಿಸಿ ಸೂಜಿ ಚುಚ್ಚುತ್ತಿದ್ದುದನ್ನು ಇಂಜಿನಿಯರಿಂಗ್‌ ಓದುವ ಇಬ್ಬರು ಹುಡುಗರಿಗೆ ನಾನು ತೋರಿಸಿದೆ. ಲೆಕ್ಕ ತಪ್ಪಿದರೆ ಏನು ಮಾಡುತ್ತೀರೆಂದು ಅವರು ಕೇಳಿದಾಗ, “ಬಿಚ್ಚೂದು. ಮತ್ತೇನು?” ಎಂದರು ಅಜ್ಜಿ. ಇನ್ನೊಂದು ದಿನ ಗರಗಕ್ಕೆ ಹೋಗಿ, ರಾಷ್ಟ್ರಧ್ವಜಕ್ಕೆ ಬಳಸುವ ಖಾದಿಯನ್ನು ನೇಯುವವರ ಮಗ್ಗದ ಮುಂದೆ, ಅವರ ಅನುಮತಿಯನ್ನು ಪಡೆದು, ಸ್ವಲ್ಪ ಹೊತ್ತು ಕುಳಿತಿದ್ದು ಬರಬಹುದು. ಅಂಥ ಬಟ್ಟೆಯೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜವಾಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದಲ್ಲಿ, ಬಂಡಿಗಟ್ಟಲೆ ಜನ ಬಂದು ಬೀಜದ ಚೀಲಗಳ ಮುಂದೆ ಚರ್ಚಿಸುವುದನ್ನು ಕೇಳುವುದೂ ಸಂಸ್ಕೃತಿಯೇ ಎಂದು ನನ್ನ ಅಭಿಪ್ರಾಯ.

ಹಬ್ಬಗಳಿಗೆ ಊರಿಗೆ ಓಡುವುದು ಸಹಜ. ಆದರೆ ವರ್ಷದಲ್ಲಿ ಒಂದು ಹಬ್ಬವನ್ನಾದರೂ ಓದಲು ಬಂದ ಊರಿನಲ್ಲಿ ಕಳೆ. ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಿ, ಮನೆಮನೆಯಲ್ಲಿ ಉಂಡಿ ಹಂಚುವ ದಿನ ಸಹಪಾಠಿಯ ಹಳ್ಳಿಗೆ ಹೋಗಬಹುದು. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಸೇರಿ ಡೋಲಿ ಹೊತ್ತು ಹೆಜ್ಜೆ ಹಾಕುವ ಹಳ್ಳಿಗಳು ಇಲ್ಲಿ ಅನೇಕವಿವೆ. ವಿಜಯದಶಮಿಯ ಸಂಜೆ ಚಿಕ್ಕವರು ಹಿರಿಯರ ಮನೆಗೆ ಹೋಗಿ ಬನ್ನಿಯ ಎಲೆಯನ್ನು ಕೈಗಿತ್ತು, ಬಂಗಾರದ ಹಾಗಿರೋಣವೆಂದು ಹೇಳಿ ಕಾಲಿಗೆರಗುತ್ತಾರೆ. ಅಂದು ಪರಿಚಯವೇ ಇಲ್ಲದ ಮನೆಯ ಬಾಗಿಲನ್ನು ತಟ್ಟಿದರೂ ಒಳಗೆ ಕರೆಯುತ್ತಾರೆ. ಹೊಸ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಪ್ರವೇಶಪತ್ರ ಯಾವುದಿದೆ? ಖೋಲಿಯ ಮಾಲಕರಿಂದ ಮೊದಲ್ಗೊಂಡು, ಚಹಾದಂಗಡಿಯ ಕಾಕಾನವರೆಗೆ ಎಲ್ಲರಿಗೂ ಬನ್ನಿ ಕೊಟ್ಟು ಬಾ. ಗಣಪತಿಯ ಚಂದಾಕ್ಕೆ ಜಬರದಸ್ತಿ ಮಾಡುವ ಗುಂಪಿನೊಡನೆ ಮಾತ್ರ ಹೋಗಬೇಡ.

ಎನ್ನೆಸ್ಸೆಸ್‌ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಸೇವಾ ಯೋಜನೆಯು 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ಕಾಲಕ್ಕೆ ಆರಂಭವಾದುದು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಒಂದು ವಿಶೇಷ ಶಿಬಿರ, ಇಷ್ಟು ಅದರ ನಿಯಮ. ಸೇರತಕ್ಕದ್ದೇ. ಆದರೆ 240 ಗಂಟೆಗಳನ್ನು ಹತ್ತು ಹಳ್ಳಿಗಳ ಮೇಲೆ ಚಿಮುಕಿಸುವುದಕ್ಕಿಂತ ಒಂದೇ ಹಳ್ಳಿಗೆ ಸುರಿಯುವುದು ಮೇಲೆಂದು ನಿನ್ನ ಅಧಿಕಾರಿಗಳೊಡನೆ ವಿನಯದಿಂದ ವಾದಿಸು. ಶಿಬಿರ ಮುಗಿದ ಮುಂದಿನ ತಿಂಗಳು ಇಬ್ಬರೇ ಆದರೂ ಮರಳಿ ಹೋಗಿರಿ. ಶಾಲೆಯ ಮಕ್ಕಳಿಗೆ ಶನಿವಾರ ಲೆಕ್ಕ ಹೇಳಿಕೊಡಿರಿ, ಮುದುಕರ ಪಿಂಚಣಿಯ ಅರ್ಜಿ ತುಂಬಿಕೊಡಿರಿ. ಫೋಟೋ ಒಂದನ್ನೂ ತೆಗೆಯಬೇಡಿರಿ. ಪ್ರಮಾಣಪತ್ರದ ಆಸೆಯು ಒಳಹೊಕ್ಕ ಕೂಡಲೇ ಕೆಲಸಕ್ಕಿಂತ ಫಲಕ ದೊಡ್ಡದಾಗುತ್ತದೆಂಬುದು ನಾನು ಸ್ವತಃ ಪರೀಕ್ಷಿಸಿ ಕಂಡ ಸತ್ಯ.

ತಂದೆತಾಯಿಗಳಿಗೆ ಓದು ಕೆಡುವುದೆಂಬ ಭಯ. ವಾರದಲ್ಲಿ ಒಂದು ಸಂಜೆ, ಹೆಚ್ಚೆಂದರೆ ಮೂರು ತಾಸು, ಪರೀಕ್ಷೆಯ ತಿಂಗಳಿನಲ್ಲಿ ಅದೂ ಇಲ್ಲ. ಮೊಬೈಲು ನುಂಗುವ ಹೊತ್ತಿನೆದುರು ಇದು ಲೆಕ್ಕಕ್ಕೆ ಬಾರದು. ಹೆಣ್ಣುಮಕ್ಕಳು ಇಬ್ಬರು ಮೂವರು ಕೂಡಿ ಹೋಗಲಿ. ಎಲ್ಲಿಗೆ, ಯಾರ ಕಾರ್ಯಕ್ರಮ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ವಾರ್ಡನ್ನರ ಪುಸ್ತಕದಲ್ಲಿ ಬರೆದು, ಸಂಘಟಕರಿಗೂ ಮುಂಚಿತವಾಗಿ ತಿಳಿಸಿದರೆ, ಮರಳುವಾಗ ಅದೇ ದಿಕ್ಕಿನ ಹಿರಿಯ ಹೆಂಗಸರೊಬ್ಬರನ್ನು ಜೊತೆಮಾಡಿ ಕಳಿಸುವ ಸೌಜನ್ಯ ಈ ಊರಿನಲ್ಲಿ ಇನ್ನೂ ಉಳಿದಿದೆ. ಅಧ್ಯಾಪಕರಿಗೆ ನಾನು ಹೇಳುವುದು ಇಷ್ಟೇ: ಅರವತ್ತು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಊರು ತೋರಿಸಬೇಡಿರಿ. ಐದು ಜನರನ್ನು ನಡೆಸಿಕೊಂಡು ಹೋಗಿ, ನಿಮ್ಮ ಪರಿಚಯದ ಒಬ್ಬರ ಎದುರಿಗೆ ಬಿಟ್ಟು, ನೀವು ಹಿಂದಿರುಗಿರಿ.

ನಾಳೆ ಬರುತ್ತೇನೆಂದು ಹೇಳಿ ಮರೆತಿದ್ದ ಆ ಹಳ್ಳಿಗೆ ನಾನು ಮತ್ತೆ ಹೋದದ್ದು ಎರಡನೆಯ ವರ್ಷದ ಮಾಘಮಾಸದಲ್ಲಿ. ಉಳವಿಯ ಚನ್ನಬಸವೇಶ್ವರನ ಜಾತ್ರೆಗೆಂದು ಈ ಸೀಮೆಯ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಕಾಡಿನ ದಾರಿ ಹಿಡಿಯುವ ಕಾಲವದು. ನನ್ನ ಸಹಪಾಠಿಯೊಬ್ಬನ ಮನೆಯ ಬಂಡಿಯೂ ಹೊರಟಿತ್ತು, ರೊಟ್ಟಿಯ ಗಂಟು ಕಟ್ಟಲು ಕೈಗಳು ಬೇಕಾಗಿದ್ದವು. ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟುತ್ತಿದ್ದವರ ನಡುವೆ ಸೆರಗು ಹೊದ್ದ ಆ ಮುದುಕಿ ನಿಂತಿದ್ದಳು. ಗುರುತು ಹಿಡಿಯಲಾರಳೆಂದು ತಿಳಿದು ನಾನು ಮುಖ ತಿರುಗಿಸಿಕೊಂಡು ಹಗ್ಗ ಬಿಗಿಯುತ್ತಿದ್ದೆ. ಅವಳು ಹತ್ತಿರ ಬಂದು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಒಂದು ಚರಿಗೆ ಮಜ್ಜಿಗೆಯನ್ನು ನನ್ನ ಕೈಗಿತ್ತು, “ನಿಮ್ಮೂರಾಗ ನಾಳೆ ಅಂದ್ರ ಒಂದೂವರಿ ವರ್ಷ ಏನೋ ತಮ್ಮಾ?” ಎಂದಳು.